ಕುಣಿತದ ಹಾಡು ಮತ್ತು ಸಹೃದಯ: ಡಿಸ್ಕೊ ಆಲ್ಬಮಿನಿಂದ ವಯನಾಡಿನ ತುಡಿಯವರೆಗೆ

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕವಿಗಿರುವ ಸ್ಥಾನಕ್ಕೆ ಕಡಿಮೆಯಿಲ್ಲದ ಸ್ಥಾನ ಸಹೃದಯನಿಗಿದೆ. ಆನಂದವರ್ಧನ ಮತ್ತು ಅಭಿನವಗುಪ್ತರ ದೃಷ್ಟಿಯಲ್ಲಿ ಕೃತಿಯ ಅರ್ಥವು ಪದಗಳಲ್ಲಿಯೇ ಮುಗಿದುಹೋಗುವುದಿಲ್ಲ. ಓದುವ, ನೋಡುವ, ಕೇಳುವ ಮನಸ್ಸಿನಲ್ಲಿ ಅದು ಪೂರ್ಣಗೊಳ್ಳುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ತತ್ತ್ವವನ್ನು ಸಾಮಾನ್ಯವಾಗಿ ಕಾಳಿದಾಸ, ಪಂಪ, ಕುಮಾರವ್ಯಾಸರ ಉದಾಹರಣೆಗಳೊಡನೆ ಕಲಿಯುತ್ತಾರೆ. ಆದರೆ ಕೇಳುತ್ತಿದ್ದಂತೆಯೇ ಕಾಲು ತಾಳ ಹಾಕತೊಡಗುವ ಕುಣಿತದ ಹಾಡಿಗೂ ಈ ತತ್ತ್ವ ಅನ್ವಯಿಸುತ್ತದೆಯೇ? ಅಲ್ಲಿ ಸಹೃದಯನೆಂದರೆ ಯಾರು: ಕುಳಿತು ಕೇಳುವವನೋ, ಎದ್ದು ಕುಣಿಯುವವನೋ?

ಈ ಪ್ರಶ್ನೆಯನ್ನು ಪರಿಶೀಲಿಸಲು ಎರಡು ದೂರದ ನೆಲೆಗಳನ್ನು ಪ್ರಸ್ತುತ ಲೇಖನ ಜೊತೆಗಿಟ್ಟು ನೋಡುತ್ತದೆ. ಒಂದು, ಹಳೆಯ ಡಿಸ್ಕೊ ಮತ್ತು ಫಂಕ್ ಶೈಲಿಯನ್ನು ಮರಳಿ ತಂದ ಇತ್ತೀಚಿನ ಒಂದು ಪ್ರಸಿದ್ಧ ಆಲ್ಬಮ್ ಮತ್ತು ಅದಕ್ಕೆ ಕೇಳುಗರು ತೋರಿದ ಪ್ರತಿಕ್ರಿಯೆ. ಇನ್ನೊಂದು, ಕನ್ನಡನಾಡಿನ ಗಡಿಗೆ ಹೊಂದಿಕೊಂಡ ವಯನಾಡಿನಲ್ಲಿ ನಾಟಿಯ ಗದ್ದೆಯಿಂದ ಹಬ್ಬದ ಅಂಗಳದವರೆಗೆ ಬಾರಿಸಲಾಗುವ ತುಡಿ ಎಂಬ ಚರ್ಮವಾದ್ಯ. ಇವೆರಡರ ನಡುವೆ ನೇರ ಸಂಬಂಧವಿದೆಯೆಂದು ಇಲ್ಲಿ ವಾದಿಸುತ್ತಿಲ್ಲ. ಎರಡೂ ಕೇಳುಗನ ಮುಂದೆ ಒಂದೇ ಸಮಸ್ಯೆಯನ್ನು ಒಡ್ಡುತ್ತವೆ ಎಂಬುದೇ ಇಲ್ಲಿಯ ಪ್ರತಿಪಾದನೆ.

ಲಯದ ಸ್ವರೂಪ

ಡಿಸ್ಕೊ 1970ರ ದಶಕದಲ್ಲಿ ಅಮೆರಿಕದ ನಗರಗಳ ನೃತ್ಯಶಾಲೆಗಳಲ್ಲಿ ರೂಪುಗೊಂಡ ಸಂಗೀತ. ಅದರ ಲಕ್ಷಣವನ್ನು ಕನ್ನಡ ಛಂದಸ್ಸಿನ ವಿದ್ಯಾರ್ಥಿ ಸುಲಭವಾಗಿ ಗುರುತಿಸಬಲ್ಲ. ಒಂದು ಆವರ್ತಕ್ಕೆ ನಾಲ್ಕು ಘಾತ. ಆ ನಾಲ್ಕರ ಮೇಲೂ ದೊಡ್ಡ ಡ್ರಮ್ಮಿನ ಸಮನಾದ ಪೆಟ್ಟು. ನಿಮಿಷಕ್ಕೆ ಸುಮಾರು 120 ಘಾತಗಳ ವೇಗ. ನಾಲ್ಕು ಮಾತ್ರೆಯ ನಾಲ್ಕು ಗಣಗಳು ಸಾಲಿನಿಂದ ಸಾಲಿಗೆ ಬಿಡುವಿಲ್ಲದೆ ಸಾಗುವ ಮಂದಾನಿಲ ರಗಳೆಯನ್ನು ಇಲ್ಲಿ ನೆನೆಯಬಹುದು. ರಗಳೆಗೆ ಷಟ್ಪದಿಯಂತೆ ನಿಯತವಾದ ಪಾದಸಂಖ್ಯೆಯ ಕಟ್ಟಿಲ್ಲ. ಕವಿ ನಿಲ್ಲಿಸಿದಾಗಲೇ ಅದು ನಿಲ್ಲುತ್ತದೆ. ಡಿಸ್ಕೊ ಹಾಡುಗಳೂ ಕುಣಿಯುವವರ ದಣಿವನ್ನು ಮುಂದೂಡುವ ಸಲುವಾಗಿ ಹೀಗೆಯೇ ಉದ್ದಕ್ಕೆ ಬೆಳೆದವು. ಹನ್ನೆರಡು ಅಂಗುಲದ ಗ್ರಾಮಫೋನ್ ತಟ್ಟೆಯಲ್ಲಿ ಒಂದೇ ಹಾಡಿನ ದೀರ್ಘ ರೂಪವನ್ನು ಮುದ್ರಿಸುವ ರೂಢಿ ಬೆಳೆದದ್ದು ಈ ಅಗತ್ಯದಿಂದಲೇ.

ಫಂಕ್ ಇದಕ್ಕಿಂತ ಸ್ವಲ್ಪ ಹಿಂದಿನದು. ಜೇಮ್ಸ್ ಬ್ರೌನ್ ಮೊದಲಾದ ಕಪ್ಪು ಅಮೆರಿಕನ್ ಸಂಗೀತಗಾರರು 1960ರ ದಶಕದಲ್ಲಿ ರೂಪಿಸಿದ ಈ ಶೈಲಿಯಲ್ಲಿ ಮೊದಲ ಘಾತಕ್ಕೆ ಮಾತ್ರ ಪೂರ್ಣ ಭಾರ ಬೀಳುತ್ತದೆ. ಉಳಿದೆಡೆ ಬಾಸ್ ಗಿಟಾರ್, ತಂತಿಯನ್ನು ಅರೆಹಿಡಿದು ಮೀಟುವ ಗಿಟಾರ್, ತುತ್ತೂರಿಗಳು ಘಾತಕ್ಕೆ ಮುಂಚೆಯೋ ಅನಂತರವೋ ಬಂದು ಕಿವಿಯನ್ನು ಕಾಯಿಸುತ್ತವೆ. ನಮ್ಮ ತಾಳಶಾಸ್ತ್ರದಲ್ಲಿ ಹಾಡಿನ ಎತ್ತುಗಡೆ ತಾಳದೊಡನೆ ಕೂಡುವ ಬಗೆಯನ್ನು ಸಮ, ಅತೀತ, ಅನಾಗತ ಎಂದು ವಿಂಗಡಿಸುತ್ತಾರೆ. ಆ ಪರಿಭಾಷೆಯನ್ನು ಸಡಿಲವಾಗಿ ಬಳಸುವುದಾದರೆ, ಡಿಸ್ಕೊವಿನ ಡ್ರಮ್ ಸಮದಲ್ಲಿ ನಡೆದರೆ ಫಂಕ್‌ನ ತಂತಿಗಳು ಅತೀತ ಮತ್ತು ಅನಾಗತಗಳಲ್ಲಿ ಆಡುತ್ತವೆ. ಇವೆರಡೂ ಕೂಡಿದಾಗ ಒಂದೆಡೆ ನಿಶ್ಚಿತವಾದ ನೆಲ, ಇನ್ನೊಂದೆಡೆ ಆ ನೆಲದಿಂದ ಜಿಗಿಯುವ ಸ್ವಾತಂತ್ರ್ಯ ದೊರೆಯುತ್ತದೆ. ಕಾಲು ಮೊದಲನೆಯದನ್ನು, ಸೊಂಟ ಮತ್ತು ಭುಜಗಳು ಎರಡನೆಯದನ್ನು ಅನುಸರಿಸುತ್ತವೆ.

ಒಂದು ಆಲ್ಬಮ್, ನಾಲ್ಕು ಬಗೆಯ ಭಾವಕರು

ಫ್ರಾನ್ಸಿನ ಡಾಫ್ಟ್ ಪಂಕ್ ಎಂಬ ಜೋಡಿ 2013ರ ಮೇ ತಿಂಗಳಲ್ಲಿ ‘ರ‍್ಯಾಂಡಮ್ ಆ್ಯಕ್ಸೆಸ್ ಮೆಮೊರೀಸ್’ ಎಂಬ ಆಲ್ಬಮನ್ನು ಹೊರತಂದಿತು. ತೋಮಾ ಬಾಂಗಾಲ್ತೇರ್ ಮತ್ತು ಗೀ-ಮಾನ್ಯುಯೆಲ್ ದ ಒಮೆಮ್-ಕ್ರಿಸ್ತೊ ಅದುವರೆಗೆ ಯಂತ್ರಸಂಗೀತಕ್ಕೆ ಹೆಸರಾದವರು. ಯಂತ್ರಮಾನವರ ಶಿರಸ್ತ್ರಾಣ ಧರಿಸಿಯೇ ವೇದಿಕೆ ಏರುತ್ತಿದ್ದವರು. ಅವರ ಹಿಂದಿನ ‘ಡಿಸ್ಕವರಿ’ (2001) ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಹೊಲಿದು ಮಾಡಿದ ಕೃತಿ. ಹೊಸ ಆಲ್ಬಮಿನಲ್ಲಿ ಅವರು ತುಣುಕುಗಳನ್ನು ಬಹುಮಟ್ಟಿಗೆ ಬಿಟ್ಟು, ವಾದಕರನ್ನೇ ಸ್ಟುಡಿಯೊಗೆ ಕರೆಸಿದರು. ಶೀಕ್ ತಂಡದ ಗಿಟಾರ್ ವಾದಕ ನೈಲ್ ರಾಜರ್ಸ್, ಬಾಸ್ ವಾದಕ ನೇಥನ್ ಈಸ್ಟ್, ಡ್ರಮ್ ವಾದಕ ಒಮರ್ ಹಕೀಂ ಅವರಲ್ಲಿ ಕೆಲವರು. 1970ರ ದಶಕದ ಡಿಸ್ಕೊ ನಿರ್ಮಾಪಕ ಜಾರ್ಜಿಯೊ ಮೊರೊಡರ್ ಒಂದು ಹಾಡಿನಲ್ಲಿ ತನ್ನ ಯೌವನದ ಕಥೆಯನ್ನು ತಾನೇ ಹೇಳುತ್ತಾನೆ. ‘ಗೆಟ್ ಲಕಿ’ ಎಂಬ ಹಾಡು ಜಗತ್ತಿನಾದ್ಯಂತ ಮೊಳಗಿತು. 2014ರಲ್ಲಿ ಆಲ್ಬಮ್ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು.

ಪ್ರಶಸ್ತಿ ಬಂದರೂ ಕೇಳುಗರ ಮಾತು ಒಂದೇ ಆಗಿರಲಿಲ್ಲ. ಆ ಭಿನ್ನತೆಯನ್ನು ವಿವರಿಸಲು ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ರಾಜಶೇಖರನ ‘ಕಾವ್ಯಮೀಮಾಂಸೆ’ ನೆರವಾಗುತ್ತದೆ. ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಂಗಡಿಸಿದ ಆತ, ಭಾವಕರನ್ನು, ಅಂದರೆ ಕೃತಿಯನ್ನು ಗ್ರಹಿಸುವವರನ್ನು, ನಾಲ್ಕು ವರ್ಗಗಳಾಗಿ ಎಣಿಸುತ್ತಾನೆ: ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಕಡ್ಡಿಯ ಸಮೇತ ಎಲ್ಲವನ್ನೂ ಉಣ್ಣುವವನು ಸತೃಣಾಭ್ಯವಹಾರಿ. ಗುಣ ಕಂಡರೂ ಅದನ್ನು ಒಪ್ಪದವನು ಮತ್ಸರಿ. ಕೃತಿಯ ತತ್ತ್ವವನ್ನು ಅರಸಿ ಒಳಹೊಗುವವನು ತತ್ತ್ವಾಭಿನಿವೇಶಿ. ಅಂಥವನು ಸಾವಿರಕ್ಕೊಬ್ಬನೆಂದು ರಾಜಶೇಖರನ ಅಭಿಪ್ರಾಯ.

ಡಾಫ್ಟ್ ಪಂಕ್‌ನ ಹಳೆಯ ಅಭಿಮಾನಿಗಳಲ್ಲಿ ಒಂದು ಪಾಲು ಅರೋಚಕಿಗಳಾದರು. ಯಂತ್ರದ ಗಡಸು ನಾದವನ್ನು ನಿರೀಕ್ಷಿಸಿದವರಿಗೆ ಮೃದುವಾದ ಗಿಟಾರ್, ನಿಧಾನದ ಹಾಡುಗಳು ಸಪ್ಪೆಯೆನಿಸಿದವು. ಇದನ್ನು ಬರಿಯ ಹಟವೆಂದು ತಳ್ಳಿಹಾಕಬೇಕಾಗಿಲ್ಲ. ಅರೋಚಕತೆ ಸ್ವಭಾವದಿಂದಲೂ ಬರಬಹುದು, ಜ್ಞಾನದಿಂದಲೂ ಬರಬಹುದು ಎಂದು ರಾಜಶೇಖರನೇ ಭೇದ ಮಾಡುತ್ತಾನೆ. ಹಳೆಯ ಡಿಸ್ಕೊವನ್ನು ಬಲ್ಲವರು ಮೂಲದ ಕೆಚ್ಚು ಇಲ್ಲಿ ನಯವಾಗಿಬಿಟ್ಟಿದೆ ಎಂದಾಗ ಅದು ಜ್ಞಾನದಿಂದ ಹುಟ್ಟಿದ ಅರುಚಿ. ಜರ್ಮನಿಯ ವಿಮರ್ಶಕ ಹಾನ್ಸ್ ರಾಬರ್ಟ್ ಯೌಸ್ 1967ರ ತನ್ನ ಉಪನ್ಯಾಸದಲ್ಲಿ ಮುಂದಿಟ್ಟ ‘ನಿರೀಕ್ಷೆಯ ದಿಗಂತ’ ಎಂಬ ಪರಿಕಲ್ಪನೆಯೂ ಇಲ್ಲಿ ಸಲ್ಲುತ್ತದೆ. ಕೇಳುಗ ಬರಿಗಿವಿಯಿಂದ ಬರುವುದಿಲ್ಲ; ಹಿಂದೆ ಕೇಳಿದ್ದರಿಂದ ಕಟ್ಟಿಕೊಂಡ ಒಂದು ಎಲ್ಲೆಯೊಡನೆ ಬರುತ್ತಾನೆ. ಕೃತಿ ಆ ಎಲ್ಲೆಯನ್ನು ಮೀರಿದಾಗ ಒಬ್ಬನಿಗೆ ನಿರಾಶೆ, ಮತ್ತೊಬ್ಬನಿಗೆ ವಿಸ್ತಾರ.

ಇನ್ನೊಂದು ದೊಡ್ಡ ಪಾಲಿನವರು 1970ರ ದಶಕವನ್ನು ಕಂಡಿರದ ಯುವಕರು. ಅವರಿಗೆ ಅದು ಹಳೆಯದೆಂಬ ಭಾವವೇ ಇರಲಿಲ್ಲ. ಹೊಸ ಹಾಡಿನಂತೆ ಕೇಳಿದರು, ಕುಣಿದರು. ಬೇರೆ ಕೆಲವರಿಗೆ ಹಳೆಯದೆಂಬ ಮೋಹವೇ ಸಾಕಾಯಿತು. ಹೊಳೆಯುವ ಗಾಜಿನ ಗೋಳ, ಅಗಲ ಅಂಚಿನ ಪ್ಯಾಂಟು, ಗ್ರಾಮಫೋನಿನ ತಟ್ಟೆ, ಎಲ್ಲವೂ ಸಮನಾಗಿ ಇಷ್ಟವಾದವು. ಇದೇ ‘ರೆಟ್ರೊ’ ಎಂಬ ಅಭಿರುಚಿ. ಅದು ಕಾಳಿನೊಡನೆ ಕಡ್ಡಿಯನ್ನೂ ಉಣ್ಣುತ್ತದೆ. ಕುಣಿತದ ಹಾಡು ಗಂಭೀರ ಕಲೆಯಾಗಲಾರದು ಎಂದುಕೊಂಡೇ ಗುಟ್ಟಾಗಿ ತಾಳ ಹಾಕಿದವರನ್ನು ಮತ್ಸರಿಗಳ ಸಾಲಿಗೆ ಸೇರಿಸಬಹುದು. ನಾಲ್ಕನೆಯ ವರ್ಗದವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಹಾಡು ಹಿಂದಿರುಗಿ ನೋಡುತ್ತಿರುವ ಆ ಹಿಂದೆ ಎಂಬಲ್ಲಿ ಏನಿತ್ತು?

ಮರೆತ ನೆಲ

ಡಿಸ್ಕೊ ಹುಟ್ಟಿದ್ದು ಸುಖಿಗಳ ಮನೆಯಲ್ಲಲ್ಲ. ನ್ಯೂಯಾರ್ಕಿನಲ್ಲಿ 1970ರಲ್ಲಿ ಡೇವಿಡ್ ಮ್ಯಾಂಕೂಸೊ ತನ್ನ ವಾಸದ ಜಾಗದಲ್ಲಿಯೇ ಆರಂಭಿಸಿದ, ಮುಂದೆ ‘ದ ಲಾಫ್ಟ್’ ಎಂದು ಹೆಸರಾದ ಕೂಟಗಳಂತಹ ಸ್ಥಳಗಳಲ್ಲಿ ಅದು ಬೆಳೆಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಕಪ್ಪು ಜನ, ಲ್ಯಾಟಿನ್ ಮೂಲದವರು, ಸಲಿಂಗಿಗಳು ಬಹಳ ಮಂದಿ. ಬೀದಿಯಲ್ಲಿ ಅವಮಾನ, ಪೊಲೀಸರ ಭಯ ಎದುರಿಸುತ್ತಿದ್ದವರಿಗೆ ರಾತ್ರಿಯ ಆ ಕೋಣೆ ನಿರ್ಭಯವಾಗಿ ದೇಹವನ್ನು ಹಗುರಗೊಳಿಸುವ ಏಕೈಕ ತಾವಾಗಿತ್ತು. ಶೀಕ್ ತಂಡದ ‘ಲೆ ಫ್ರೀಕ್’ (1978) ಹುಟ್ಟಿದ ಬಗೆ ಈ ಹಿನ್ನೆಲೆಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಅವರನ್ನು ‘ಸ್ಟುಡಿಯೊ 54’ ಎಂಬ ಪ್ರತಿಷ್ಠಿತ ನೃತ್ಯಶಾಲೆಯ ಬಾಗಿಲಲ್ಲಿ ಒಳಗೆ ಬಿಡದೆ ಹಿಂದಕ್ಕೆ ಕಳಿಸಿದರು. ಮನೆಗೆ ಮರಳಿ ಸಿಟ್ಟಿನಲ್ಲಿ ನುಡಿಸಿ ಕೂಗಿದ ಬೈಗುಳವೇ, ಮಾತು ಬದಲಾಗಿ, ಕೋಟ್ಯಂತರ ಜನ ಕುಣಿದ ಹಾಡಾಯಿತು. ಕುಣಿದವರಲ್ಲಿ ಬಹುತೇಕರಿಗೆ ಅದರೊಳಗೆ ಮುಚ್ಚಿದ ಬಾಗಿಲೊಂದು ಇದೆಯೆಂದು ತಿಳಿದಿರಲಿಲ್ಲ.

ವಿರೋಧದ ಪ್ರತಿಕ್ರಿಯೆಯೂ ಇದ್ದಿತು. 1979ರ ಜುಲೈ 12ರಂದು ಶಿಕಾಗೊದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯಗಳ ನಡುವಿನ ಬಿಡುವಿನಲ್ಲಿ, ಪ್ರೇಕ್ಷಕರು ತಂದ ಡಿಸ್ಕೊ ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಸಲಾಯಿತು. ಜನ ಮೈದಾನಕ್ಕೆ ನುಗ್ಗಿದ್ದರಿಂದ ಎರಡನೆಯ ಪಂದ್ಯ ರದ್ದಾಯಿತು. ಅದನ್ನು ಸಂಗೀತದ ಅಭಿರುಚಿಯ ಪ್ರಶ್ನೆಯೆಂದು ಕೆಲವರು ಕಂಡರು. ಆ ಸಂಗೀತ ಯಾರದ್ದೋ ಅವರ ಮೇಲಿನ ದ್ವೇಷವೆಂದು ಬೇರೆಯವರು ಕಂಡರು. ಒಂದು ಹಾಡನ್ನು ಹಗುರವೆಂದು ಕರೆಯುವಾಗ ಅದನ್ನು ಹಾಡಿದವರನ್ನೂ ಹಗುರವಾಗಿ ಕಾಣುತ್ತಿದ್ದೇವೆಯೇ ಎಂಬ ಪ್ರಶ್ನೆ ಅಲ್ಲಿಂದ ಮೊದಲಾಗುತ್ತದೆ. 2013ರ ಆಲ್ಬಮ್ ಈ ಇತಿಹಾಸದ ನಾದವನ್ನು ಮರಳಿ ತಂದಿತು. ಗಾಯವನ್ನು ಮರಳಿ ತರುವುದು ಅದರ ಕೆಲಸವಾಗಿರಲಿಲ್ಲ. ಆ ಭಾಗವನ್ನು ಕೇಳುಗನೇ ತುಂಬಿಕೊಳ್ಳಬೇಕು.

ಕನ್ನಡದ ಕಿವಿಗೆ ಬಿದ್ದ ಡಿಸ್ಕೊ

ಡಿಸ್ಕೊ ಹೊರಗಿನಿಂದ ಬಂದದ್ದು ಎಂಬ ಮಾತು ಕನ್ನಡನಾಡಿನ ಮಟ್ಟಿಗೆ ಅರ್ಧಸತ್ಯ. ಅದನ್ನು ಜಗತ್ತಿಗೆ ಹಬ್ಬಿಸಿದ ನಿರ್ಮಾಪಕರಲ್ಲಿ ಒಬ್ಬರಾದ ಬಿದ್ದು, ಅಂದರೆ ಬಿದ್ದು ಅಪ್ಪಯ್ಯ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಮೂಲತಃ ಕೊಡವರು. ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡದಲ್ಲಿ ಹಾಡುತ್ತಿದ್ದ ಅವರು 1960ರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಅವರು ನಿರ್ಮಿಸಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ವಿಶೇಷವೆಂದರೆ ಅದು ತಟ್ಟೆಯ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿದ ಹಾಡು. ನಿರ್ಮಾಪಕ ಮುಖ್ಯವೆಂದು ಬಗೆದದ್ದನ್ನು ಬದಿಗಿಟ್ಟು ಹಿಂಬದಿಯನ್ನು ಮುಂದಕ್ಕೆ ತಂದದ್ದು ಬೇರೆಯವರ ಕಿವಿ. 1980ರ ಹಿಂದಿ ಚಿತ್ರ ‘ಕುರ್ಬಾನಿ’ಯಲ್ಲಿ ಅವರು ಸಂಯೋಜಿಸಿ ಹದಿಹರೆಯದ ನಾಜಿಯಾ ಹಸನ್ ಹಾಡಿದ ಹಾಡು, ಮರುವರ್ಷದ ‘ಡಿಸ್ಕೊ ದೀವಾನೆ’ ಆಲ್ಬಮ್ ಉಪಖಂಡದ ಯುವಕರನ್ನು ಸೆಳೆದವು. ಅದೇ ಹಾಡು 2012ರ ಒಂದು ಹಿಂದಿ ಚಿತ್ರದಲ್ಲಿ ಹೊಸ ವೇಷ ತೊಟ್ಟು ರೆಟ್ರೊ ಎನಿಸಿಕೊಂಡಿತು.

ಕನ್ನಡ ಚಿತ್ರಗೀತೆಗೂ ಡಿಸ್ಕೊ ಇದೇ ಕಾಲಕ್ಕೆ ಬಂದಿತು. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981) ಚಿತ್ರದಲ್ಲಿ ಇಳಯರಾಜ ಸಂಯೋಜಿಸಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಸಂತೋಷಕ್ಕೆ’ ಇಂದಿಗೂ ಕಾಲೇಜು ಸಮಾರಂಭಗಳಲ್ಲಿ ಕುಣಿತಕ್ಕೆ ಬಳಕೆಯಾಗುತ್ತದೆ. ಚಿತ್ರವನ್ನು ನೋಡಿದವರಿಗೆ ಆ ಹಾಡು ಬೇರೆಯಾಗಿ ಕೇಳಿಸುತ್ತದೆ. ಏಕೆಂದರೆ ಕಥೆ ನಾಯಕಿಯ ಮಾರಕ ಕಾಯಿಲೆಯ ಕಡೆಗೆ, ದುಃಖದ ಕಡೆಗೆ ಸಾಗುತ್ತದೆ. ಹಾಡನ್ನು ಮಾತ್ರ ಬಲ್ಲವನಿಗೆ ಅಲ್ಲಿರುವುದು ಸಂತೋಷ; ಕಥೆಯನ್ನೂ ಬಲ್ಲವನಿಗೆ ಉಳಿಯಲಾರದ ಸಂತೋಷ. ಇಬ್ಬರೂ ಕೇಳುವುದು ಒಂದೇ ನಾದವನ್ನು.

1987ರ ‘ಪ್ರೇಮಲೋಕ’ ಇನ್ನೊಂದು ಬಗೆಯ ಪ್ರತಿಕ್ರಿಯೆಯನ್ನು ಪಡೆಯಿತು. ರವಿಚಂದ್ರನ್ ನಿರ್ದೇಶನದ ಈ ಚಿತ್ರಕ್ಕೆ ಹಂಸಲೇಖ ಸಾಹಿತ್ಯ ಮತ್ತು ಸಂಗೀತ ಎರಡನ್ನೂ ಒದಗಿಸಿದರು. ಕಾಲೇಜು ಅಂಗಳದ ಆಡುಮಾತು, ಇಂಗ್ಲಿಷ್ ಪದಗಳು, ಸಂಭಾಷಣೆಯೇ ಹಾಡಾಗುವ ರಚನೆ ಯುವಕರಿಗೆ ಮೆಚ್ಚುಗೆಯಾದವು. ಕ್ಯಾಸೆಟ್ಟುಗಳು ಮನೆಮನೆ ತಲುಪಿದವು. ಭಾವಗೀತೆಯ ಹದಕ್ಕೆ ಒಗ್ಗಿದ ಕಿವಿಗಳಿಗೆ ಅದು ಸಾಹಿತ್ಯವೇ ಅಲ್ಲವೆನಿಸಿತು. ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗೆ ಈ ವಾದ ಹೊಸದೇನಲ್ಲ. ಮಾರ್ಗ ಮತ್ತು ದೇಶಿಗಳ ನಡುವಿನ ಹಳೆಯ ಚರ್ಚೆಯೇ ಇಲ್ಲಿ ಬೇರೆ ವಸ್ತ್ರದಲ್ಲಿ ಬಂದಿದೆ. ಆಡುನುಡಿಗೆ, ಕುಣಿತಕ್ಕೆ ಕಾವ್ಯದ ಮಾನ್ಯತೆ ಬೇಕೆ ಎಂಬ ಪ್ರಶ್ನೆಯನ್ನು ಪ್ರತಿ ತಲೆಮಾರೂ ತನ್ನ ಕಾಲದ ಉದಾಹರಣೆಯೊಂದಿಗೆ ಮತ್ತೆ ಎತ್ತುತ್ತದೆ.

ಬಯಲ್ನಾಡಿನ ತುಡಿ

ಬಿದ್ದು ಅವರ ಪೂರ್ವಿಕರ ಕೊಡಗಿನ ದಕ್ಷಿಣ ತುದಿಯ ಕುಟ್ಟವನ್ನು ದಾಟಿದರೆ ತೋಲ್ಪೆಟ್ಟಿ. ಅಲ್ಲಿಂದ ಕೇರಳದ ವಯನಾಡು. ಕನ್ನಡ ಶಾಸನಗಳಲ್ಲಿ ಈ ಪ್ರದೇಶಕ್ಕೆ ‘ಬಯಲ್ನಾಡು’ ಎಂಬ ಹೆಸರಿದೆ. ಮಲಯಾಳದ ‘ವಯಲ್’, ಕನ್ನಡದ ‘ಬಯಲು’ ಎರಡೂ ಜ್ಞಾತಿಪದಗಳು. ಹೊಯ್ಸಳ ವಿಷ್ಣುವರ್ಧನನ ವಿಜಯಗಳ ಪಟ್ಟಿಯಲ್ಲಿ ಬಯಲ್ನಾಡು ಬರುತ್ತದೆ. ಇಲ್ಲಿಯ ಜೈನ ಬಸದಿಗಳು, ಕಾಟುನಾಯ್ಕರ ಮತ್ತು ಬೆಟ್ಟಕುರುಮರ ಕನ್ನಡಕ್ಕೆ ಹತ್ತಿರವಾದ ನುಡಿಗಳು ಆ ಹಳೆಯ ನಂಟಿನ ಗುರುತುಗಳು. ಆದ್ದರಿಂದ ವಯನಾಡು ಕನ್ನಡ ವಿದ್ಯಾರ್ಥಿಗೆ ಪರನಾಡಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇಕಡ 18ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಕೇರಳದ ಜಿಲ್ಲೆಗಳಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ. ಅವರಲ್ಲಿ ಪಣಿಯರ ಸಂಖ್ಯೆ ದೊಡ್ಡದು.

ಪಣಿಯರ ವಟ್ಟಕ್ಕಳಿಯಲ್ಲಿ ಹೆಂಗಸರು ವೃತ್ತಾಕಾರವಾಗಿ ನಿಂತು ಹೆಜ್ಜೆ ಹಾಕುತ್ತಾರೆ. ಗಂಡಸರು ತುಡಿ ಬಾರಿಸುತ್ತಾರೆ, ಚೀನಿ ಎಂಬ ಊದುವಾದ್ಯವನ್ನು ನುಡಿಸುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನಡು ಸಪೂರವಾದ ಈ ತುಡಿಯೇ ಕೊಡಗಿನಲ್ಲಿ ‘ದುಡಿ’. ಕೊಡವರ ಹಬ್ಬ ಮದುವೆಗಳಲ್ಲಿ ನಾಲ್ವರು ಗಾಯಕರು ದುಡಿ ಬಾರಿಸುತ್ತ ಹಾಡುವ ಪದ್ಧತಿ ಪ್ರಸಿದ್ಧವಾದುದು. ಬಿದ್ದು ಅವರ ಡಿಸ್ಕೊದಲ್ಲಿ ಈ ದುಡಿಯ ನಾದವನ್ನು ಹುಡುಕಲು ಹೊರಡುವುದು ಸಲ್ಲದು. ಮೂಲವನ್ನು ಬಲವಂತವಾಗಿ ಅಂಟಿಸುವುದು ಅಧ್ಯಯನವಲ್ಲ. ಹೋಲಿಕೆ ಇರುವುದು ನಾದದಲ್ಲಲ್ಲ, ಗ್ರಹಿಕೆಯಲ್ಲಿ.

ತುಡಿ ಹಬ್ಬಕ್ಕೆ ಮಾತ್ರ ಮೀಸಲಾದ ವಾದ್ಯವಲ್ಲ. ಭತ್ತದ ನಾಟಿಯ ಕಾಲದಲ್ಲಿ ನಡೆಯುವ ‘ಕಂಬಳನಾಟಿ’ಯಲ್ಲಿ ಗದ್ದೆಯಂಚಿನಲ್ಲಿ ತುಡಿ, ಚೀನಿಗಳು ಮೊಳಗುತ್ತವೆ, ಕೆಸರಿನಲ್ಲಿ ಬಾಗಿದವರ ಕೈ ಆ ಲಯಕ್ಕೆ ಸರಿಯಾಗಿ ಸಸಿ ಊರುತ್ತದೆ. ಗದ್ದೆಯ ಒಡೆಯ ಬೇರೆ, ಊರುವ ಕೈ ಬೇರೆ. ಪಣಿಯರು, ಅಡಿಯರು ತಲೆಮಾರುಗಳ ಕಾಲ ಜೀತದಲ್ಲಿದ್ದವರು. ಮಾನಂತವಾಡಿಯ ಬಳಿಯ ವಳ್ಳಿಯೂರ್ಕಾವಿನ ಉತ್ಸವದ ಸಂದರ್ಭದಲ್ಲಿ ಜಮೀನುದಾರರು ವರ್ಷದ ದುಡಿಮೆಗಾಗಿ ಆಳುಗಳನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಕಳೆದ ಶತಮಾನದಲ್ಲಿಯೂ ಇದ್ದಿತು. ದೇವಿಯ ಜಾತ್ರೆ, ತುಡಿಯ ಕುಣಿತ, ಆಳಿನ ಒಪ್ಪಂದ ಒಂದೇ ಋತುವಿನಲ್ಲಿ, ಒಂದೇ ಆವರಣದ ಸುತ್ತ ನಡೆಯುತ್ತಿದ್ದವು. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರ ಕಾನೂನು ಬಂದದ್ದು 1976ರಲ್ಲಿ. ಅಂದರೆ ಲಂಡನ್, ನ್ಯೂಯಾರ್ಕುಗಳಲ್ಲಿ ಡಿಸ್ಕೊ ಉತ್ತುಂಗಕ್ಕೇರುತ್ತಿದ್ದ ಕಾಲದಲ್ಲಿಯೇ.

ಕನ್ನಡದಲ್ಲಿ ‘ದುಡಿ’ ಎಂದರೆ ವಾದ್ಯವೂ ಹೌದು, ಶ್ರಮಿಸು ಎಂಬ ಕ್ರಿಯಾಪದವೂ ಹೌದು. ಎರಡೂ ಒಂದೇ ಧಾತುವಿನವು ಎಂದು ಸಾಧಿಸುವ ಅಗತ್ಯವಿಲ್ಲ. ಆದರೆ ನಾಟಿಯ ಗದ್ದೆಯ ತುಡಿಯನ್ನು ಅರಿಯಲು ಈ ಎರಡು ಅರ್ಥಗಳೂ ಒಟ್ಟಿಗೆ ಮನಸ್ಸಿನಲ್ಲಿರಬೇಕು. ಆ ಲಯ ಒಡೆಯನಿಗೆ ಕೆಲಸ ಬೇಗ ಮುಗಿಯುವ ಭರವಸೆ. ಊರುವವಳಿಗೆ ಸೊಂಟದ ನೋವನ್ನು ಮರೆಸುವ ಆಸರೆ, ತನ್ನವರೊಡನೆ ತಾನಿರುವ ಧೈರ್ಯ. ಇಂದು ಪ್ರವಾಸಿಗರ ಮುಂದೆ ವೇದಿಕೆಯ ಮೇಲೆ ಅದೇ ತುಡಿ ಮೊಳಗಿದಾಗ ಕೇಳುಗನಿಗೆ ಅದು ಹದಿನೈದು ನಿಮಿಷದ ಉಲ್ಲಾಸ. ಮೂರೂ ಸುಳ್ಳಲ್ಲ. ಆದರೆ ಮೂರನೆಯದನ್ನೇ ಪೂರ್ಣಸತ್ಯವೆಂದು ಬಗೆದಾಗ ಲಯ ಉಳಿಯುತ್ತದೆ, ಅದನ್ನು ಹೊತ್ತ ಜನ ಮರೆಯಾಗುತ್ತಾರೆ. ಅಡಿಯರ ಗದ್ದಿಕ ಆಚರಣೆಯ ರೂಪವನ್ನು ಬಳಸಿ ಕೆ. ಜೆ. ಬೇಬಿ ರಚಿಸಿದ ‘ನಾಡುಗದ್ದಿಕ’ ನಾಟಕ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ವಯನಾಡಿನ ಆದಿವಾಸಿಗಳ ಶೋಷಣೆಯ ಕಥೆಯನ್ನು ಅವರ ಆಚರಣೆಯ ಲಯದಲ್ಲಿಯೇ ಅದು ನೋಡುಗರ ಮುಂದಿಟ್ಟಿತು. ನಾದ ಮತ್ತು ನೆನಪನ್ನು ಬೇರ್ಪಡಿಸಲಿಲ್ಲ.

ರಸವಿಘ್ನ ಮತ್ತು ಕೇಳುಗನ ಹೊಣೆ

ಈಗ ಆರಂಭದ ಪ್ರಶ್ನೆಗೆ ಬರಬಹುದು. ಅಭಿನವಗುಪ್ತ ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುತ್ತಾನೆ. ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲಿ ಒಂದು. ತನ್ನ ಮನೆಯ ಚಿಂತೆಯಲ್ಲಿ ಮುಳುಗಿದವನ ಮನಸ್ಸು ಬೇರೊಂದು ವಸ್ತುವಿನಲ್ಲಿ ಹೇಗೆ ನೆಲೆಸೀತು? ಇದಕ್ಕೆ ಆತ ಸೂಚಿಸುವ ಪರಿಹಾರ ಗಮನಾರ್ಹ: ಗಾನ, ವಾದ್ಯ, ಅಲಂಕೃತ ರಂಗಮಂಟಪ ಮೊದಲಾದವು. ಇವು ಎಲ್ಲರಿಗೂ ಸಮಾನವಾಗಿ ಭೋಗ್ಯವಾದ್ದರಿಂದ ಅರಸಿಕನ ಹೃದಯವನ್ನೂ ತಿಳಿಗೊಳಿಸುತ್ತವೆ. ನಾದ ಮತ್ತು ನರ್ತನಗಳು ಕೀಳಾದ ಆಕರ್ಷಣೆಗಳಲ್ಲ, ಮನಸ್ಸನ್ನು ‘ನಾನು’ ಎಂಬ ಕಟ್ಟಿನಿಂದ ಬಿಡಿಸುವ ಸಾಧನಗಳು ಎಂಬ ನಿಲುವು ಇಲ್ಲಿದೆ. ಲಾಫ್ಟಿನ ಕೋಣೆಯಲ್ಲಿಯೂ ವಟ್ಟಕ್ಕಳಿಯ ವೃತ್ತದಲ್ಲಿಯೂ ನಡೆಯುವುದು ಇದೇ. ಆ ವೃತ್ತದಲ್ಲಿ ಕೇಳುವವಳು ಮತ್ತು ಕುಣಿಯುವವಳು ಎಂಬ ಭೇದವೇ ಇಲ್ಲ. ಹಾಗಾಗಿ ಕುಣಿತದ ಹಾಡಿಗೂ ಸಹೃದಯನಿದ್ದಾನೆ. ಆತನ ಹೃದಯ ದೇಹದಿಂದ ಬೇರೆಯಾಗಿಲ್ಲ ಎಂದು ಹೇಳಬೇಕಾಗುತ್ತದೆ.

ಆದರೆ ಇಷ್ಟಕ್ಕೆ ನಿಂತರೆ ರೆಟ್ರೊ ಅಭಿರುಚಿಯ ಸತೃಣಾಭ್ಯವಹಾರಿಗೂ ಸಹೃದಯನಿಗೂ ವ್ಯತ್ಯಾಸ ಉಳಿಯದು. ನಾದ ತನ್ನ ದುಃಖವನ್ನು ಮರೆಸುವುದು ಒಂದು ಹಂತ. ಆ ತೆರವಿನಲ್ಲಿ ಇನ್ನೊಬ್ಬರ ಬಾಳು ಬಂದು ನೆಲೆಸುವುದು ಮುಂದಿನ ಹಂತ. ವಿಘ್ನ ನಿವಾರಣೆಯೇ ರಸವಲ್ಲ, ರಸಕ್ಕೆ ದಾರಿ. ‘ಲೆ ಫ್ರೀಕ್’ಗೆ ಕುಣಿದವನು ಮುಚ್ಚಿದ ಬಾಗಿಲಿನ ವಿಷಯ ತಿಳಿದ ಮೇಲೂ ಕುಣಿಯಬಹುದು, ಆದರೆ ಆಗ ಆತ ಒಬ್ಬನೇ ಕುಣಿಯುತ್ತಿರುವುದಿಲ್ಲ. ಶಾಸ್ತ್ರಗ್ರಂಥಗಳು ಕವಿಗೆ ಪ್ರತಿಭೆಯೊಡನೆ ವ್ಯುತ್ಪತ್ತಿಯೂ ಬೇಕೆನ್ನುತ್ತವೆ. ಕೇಳುಗನಿಗೂ ಅದು ಬೇಕು. ಹಾಡು ಎಲ್ಲಿ ಹುಟ್ಟಿತು, ಯಾರ ಮೈಯಿಂದ ಬಂದಿತು, ಯಾರು ಅದನ್ನು ತಡೆದರು ಎಂಬ ತಿಳಿವಳಿಕೆ ಆನಂದವನ್ನು ಕಡಿಮೆ ಮಾಡುವುದಿಲ್ಲ, ಅದಕ್ಕೆ ಆಳ ಕೊಡುತ್ತದೆ.

ಜಾನಪದವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳಿಗೆ ಇದರಿಂದ ಒಂದು ವಿಧಾನ ದೊರೆಯುತ್ತದೆ. ಕ್ಷೇತ್ರಕಾರ್ಯದಲ್ಲಿ ಹಾಡಿನ ಸಾಲುಗಳನ್ನು ಬರೆದುಕೊಂಡು ಬಂದರೆ ಕೆಲಸ ಅರ್ಧವಾಗುತ್ತದೆ. ಅದನ್ನು ಯಾವ ಕೆಲಸದ ನಡುವೆ, ಯಾರಿಗಾಗಿ, ಯಾರ ಎದುರು ಹಾಡುತ್ತಿದ್ದರು, ಕೇಳಿದವರಲ್ಲಿ ಯಾರು ಹಾಡಿಗೆ ಸೇರಿಕೊಂಡರು, ಯಾರು ದೂರ ನಿಂತರು ಎಂಬುದನ್ನೂ ದಾಖಲಿಸಬೇಕು. ಪ್ರತಿಕ್ರಿಯೆಯೂ ಪಠ್ಯದ ಭಾಗ. ಹಾಗೆಯೇ ಚಿತ್ರಗೀತೆ, ಆಲ್ಬಮುಗಳ ಬಗ್ಗೆ ಬರೆಯುವಾಗ ‘ಅನುಕರಣೆ’, ‘ಅಗ್ಗದ ಮನರಂಜನೆ’ ಎಂಬ ಸಿದ್ಧ ತೀರ್ಪುಗಳನ್ನೂ, ‘ಆ ಕಾಲವೇ ಚೆನ್ನಾಗಿತ್ತು’ ಎಂಬ ಮೋಹವನ್ನೂ ಬದಿಗಿರಿಸುವುದು ಒಳಿತು. ಮೊದಲನೆಯದು ಅರೋಚಕಿಯ ಮಾತು, ಎರಡನೆಯದು ಸತೃಣಾಭ್ಯವಹಾರಿಯದು. ಇವೆರಡರ ನಡುವೆ ತತ್ತ್ವಾಭಿನಿವೇಶಿಯ ದಾರಿ ಕಿರಿದಾದರೂ ಇದೆ. ಅದನ್ನು ನಡೆದು ನೋಡುವುದಕ್ಕೇ ಸಾಹಿತ್ಯದ ಶಿಕ್ಷಣ.

ಚರ್ಚೆಗೆ

1. ರಾಜಶೇಖರ ಹೇಳುವ ನಾಲ್ಕು ಬಗೆಯ ಭಾವಕರನ್ನು ನಿಮ್ಮ ಊರಿನಲ್ಲಿ ಜನಪ್ರಿಯವಾದ ಯಾವುದಾದರೊಂದು ಕುಣಿತದ ಹಾಡಿನ ಕೇಳುಗರಲ್ಲಿ ಗುರುತಿಸಿ, ಕಾರಣಗಳೊಡನೆ ವಿವರಿಸಿ.

2. ಮಂದಾನಿಲ ರಗಳೆಯ ಲಯಕ್ಕೂ ನಾಲ್ಕು ಘಾತದ ಡಿಸ್ಕೊ ಲಯಕ್ಕೂ ಇರುವ ಸಾಮ್ಯ ಮತ್ತು ಭೇದಗಳನ್ನು ಪ್ರಸ್ತಾರ ಹಾಕಿ ತೋರಿಸಿ.

3. ದುಡಿಮೆಯ ಹಾಡು ವೇದಿಕೆಗೆ ಬಂದಾಗ ಅದರ ಅರ್ಥದಲ್ಲಿ ಆಗುವ ಪಲ್ಲಟವನ್ನು ಕಂಬಳನಾಟಿಯ ತುಡಿ ಮತ್ತು ನಿಮ್ಮ ಪ್ರದೇಶದ ಒಂದು ನಾಟಿ ಅಥವಾ ಬೀಸುವ ಪದದ ಹಿನ್ನೆಲೆಯಲ್ಲಿ ಚರ್ಚಿಸಿ.